ಸ್ನೇಹಲತಾ ರೆಡ್ಡಿ: ವಿಚಾರಣೆಯಿಲ್ಲದ ಎಂಟು ತಿಂಗಳು

ತುರ್ತು ಪರಿಸ್ಥಿತಿಯ ಮಾತು ಬಂದಾಗಲೆಲ್ಲ ನಾವು ಕರಾವಳಿಯ ಕಥೋಲಿಕರು ಜಾರ್ಜ್ ಫೆರ್ನಾಂಡಿಸ್ ಅವರನ್ನು ನೆನೆಯುತ್ತೇವೆ. ಅವರು ಮಂಗಳೂರಿನವರು, ಬೆಂಗಳೂರಿನ ಗುರುಮಠದಲ್ಲಿ ಕೆಲಕಾಲ ಕಲಿತವರು. ಆದರೆ ಅವರ ಗೆಳೆತನಕ್ಕಾಗಿ ಸೆರೆಮನೆ ಸೇರಿದ ನಟಿ ಸ್ನೇಹಲತಾ ರೆಡ್ಡಿ ಅವರ ಹೆಸರು ಮಂಗಳೂರಿನಲ್ಲಾಗಲಿ, ದೂರದ ಗದಗ-ಬೆಟಗೇರಿಯಲ್ಲಾಗಲಿ ಇಂದಿನ ಯುವಜನರಲ್ಲಿ ಎಷ್ಟು ಮಂದಿಗೆ ಗೊತ್ತು?

ಸ್ನೇಹಲತಾ 1932ರಲ್ಲಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪತಿ, ಕವಿ ಪಟ್ಟಾಭಿರಾಮ ರೆಡ್ಡಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿ 1970ರಲ್ಲಿ ನಿರ್ದೇಶಿಸಿದ 'ಸಂಸ್ಕಾರ' ಚಿತ್ರದಲ್ಲಿ ಅವರದು ಚಂದ್ರಿಯ ಪಾತ್ರ. ಸೆನ್ಸಾರ್ ಮಂಡಳಿ ಮೊದಲು ತಡೆದ ಅದೇ ಚಿತ್ರಕ್ಕೆ ರಾಷ್ಟ್ರದ ಸ್ವರ್ಣ ಕಮಲ ದೊರೆಯಿತು. ಹೆಣ ಸುಡಲು ಅಗ್ರಹಾರವೇ ಹಿಂಜರಿದಾಗ, ಆ ಖರ್ಚಿಗೆಂದು ತನ್ನ ಒಡವೆಗಳನ್ನು ಬಿಚ್ಚಿಡುವವಳು ಚಂದ್ರಿ. ಪಾತ್ರಕ್ಕೂ ಪಾತ್ರಧಾರಿಗೂ ಹೋಲಿಕೆ ಕಟ್ಟುವುದು ನಮಗೆ ಅಷ್ಟಾಗಿ ಒಗ್ಗದು. ಇಲ್ಲಿ ಮಾತ್ರ ತಡೆದುಕೊಳ್ಳಲಾಗುತ್ತಿಲ್ಲ.

ಲೋಹಿಯಾವಾದಿಗಳಾದ ಈ ದಂಪತಿಗಳಿಗೆ ಜಾರ್ಜ್ ಆಪ್ತರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದು ಜಾರ್ಜ್ ಭೂಗತರಾದಾಗ ಪೊಲೀಸರು ಅವರ ಪರಿಚಿತರನ್ನೆಲ್ಲ ಹಿಡಿಯತೊಡಗಿದರು. 1976ರ ಮೇ 1ರಂದು ಬೆಂಗಳೂರಿನಲ್ಲಿ ತಮ್ಮ ಲಾರೆನ್ಸ್ ಸಿಕ್ಕಿಬಿದ್ದು ಚಿತ್ರಹಿಂಸೆ ಅನುಭವಿಸಿದರು. ಮರುದಿನ ಸ್ನೇಹಲತಾ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ.

ಹೇಗೆ ಸಾಧ್ಯ ಎಂದು ಓದುಗರು ಕೇಳಬಹುದು. 'ಮೀಸಾ' ಕಾಯ್ದೆಯಡಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಿತ್ತು. ಅಕ್ರಮ ಬಂಧನವೆಂದು ಕೋರ್ಟಿಗೆ ಹೋಗುವ ದಾರಿಯನ್ನೂ ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು, ಅಂದರೆ ಅವರ ಬಂಧನಕ್ಕೆ ನಾಲ್ಕೇ ದಿನ ಮೊದಲು, ಮುಚ್ಚಿತ್ತು. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯ ಒಪ್ಪಿದ್ದು 2017ರಲ್ಲಿ.

ಸ್ನೇಹಲತಾ ಆಸ್ತಮಾ ರೋಗಿ. ಬೆಂಗಳೂರು ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಲೇ, ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ, ಕಳಪೆ ಊಟದ ವಿರುದ್ಧ ದನಿಯೆತ್ತಿದರು. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ರಾತ್ರಿಯ ಹೊತ್ತು ಅವರ ಕೂಗು ಕೇಳಿಬರುತ್ತಿದ್ದುದನ್ನು ಮುಂದೆ ಬರೆದಿದ್ದಾರೆ.

ರೋಗ ಮಿತಿಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 18ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. 20ರಂದು ಅವರು ತೀರಿಕೊಂಡರು. ಸೆರೆಯಲ್ಲಿ ಬರೆದಿಟ್ಟ ದಿನಚರಿ ಅದೇ ವರ್ಷ ಪುಸ್ತಕವಾಗಿ ಹೊರಬಂತು.