ಚಿನ್ನದ ಮೀನು ಸಾಕುವ ಮುನ್ನ ನೀರನ್ನು ಸಾಕಿ

ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ಜೋಡಿ ಗೋಲ್ಡ್ ಫಿಶ್ ಮನೆಗೆ ಬರುತ್ತದೆ. ಜೊತೆಗೆ ದುಂಡನೆಯ ಗಾಜಿನ ಬೋಗುಣಿ, ಬಣ್ಣದ ಕಲ್ಲುಗಳು, ಒಂದು ಪೊಟ್ಟಣ ಆಹಾರ. ಮೊದಲ ದಿನ ಮನೆಮಂದಿಯೆಲ್ಲ ಸುತ್ತ ನೆರೆದು ನೋಡುತ್ತಾರೆ. ಮೂರನೆಯ ದಿನ ನೀರು ಮಬ್ಬಾಗುತ್ತದೆ. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತದೆ. ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಅದು ನೀರಿನ ಮೇಲೆ ತೇಲುತ್ತಿರುತ್ತದೆ. 'ಈ ಮೀನುಗಳ ಆಯುಷ್ಯವೇ ಇಷ್ಟು' ಎಂದು ಹಿರಿಯರು ಮಗುವನ್ನು ಸಮಾಧಾನಪಡಿಸುತ್ತಾರೆ.

ಈ ಮಾತು ಸತ್ಯಕ್ಕೆ ದೂರ. ಸರಿಯಾದ ಆರೈಕೆ ದೊರೆತರೆ ಗೋಲ್ಡ್ ಫಿಶ್ ಹತ್ತು ವರ್ಷಗಳಿಗೂ ಮೀರಿ ಬದುಕಬಲ್ಲದು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ದೊರೆತ 'ಟಿಶ್' ಎಂಬ ಗೋಲ್ಡ್ ಫಿಶ್ ಸತ್ತದ್ದು 1999ರಲ್ಲಿ, ತನ್ನ 43ನೆಯ ವಯಸ್ಸಿನಲ್ಲಿ. ಹಾಗಾದರೆ ನಮ್ಮ ಮನೆಯ ಮೀನು ವಾರದಲ್ಲೇ ಸಾಯುವುದೇಕೆ?

ಕಾಣದ ವಿಷ

ಮೀನು ಕಿವಿರುಗಳ ಮೂಲಕ ಮತ್ತು ಮಲದ ರೂಪದಲ್ಲಿ ಹೊರಹಾಕುವ ತ್ಯಾಜ್ಯದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಇದೇ ಅಮೋನಿಯಾ ಉಂಟಾಗುತ್ತದೆ. ಬಣ್ಣವಿಲ್ಲದ ಈ ವಿಷ ಮೀನಿನ ಕಿವಿರನ್ನು ಸುಡುತ್ತದೆ. ಕೆರೆಯಲ್ಲಾದರೆ ನೀರಿನ ರಾಶಿಯಲ್ಲಿ ಅದು ಕರಗಿಹೋಗುತ್ತದೆ. ನಾಲ್ಕೈದು ಲೀಟರಿನ ಬೋಗುಣಿಯಲ್ಲಿ ಮೀನು ತನ್ನ ವಿಷದಲ್ಲಿ ತಾನೇ ಬೇಯುತ್ತದೆ.

ಪ್ರಕೃತಿಯಲ್ಲಿ ಇದಕ್ಕೆ ಪರಿಹಾರವೂ ಉಂಟು. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೈಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅಕ್ವೇರಿಯಂ ಸಿದ್ಧತೆ ಎಂದರೆ ಮುಖ್ಯವಾಗಿ ಈ ಜೀವಿಗಳಿಗೆ ಮನೆ ಕಟ್ಟಿಕೊಡುವುದು.

ಎಷ್ಟು ದೊಡ್ಡ ತೊಟ್ಟಿ?

ಎರಡು ಬಾಲದ, ಗುಂಡು ದೇಹದ ಒರಾಂಡ, ಬ್ಲ್ಯಾಕ್ ಮೂರ್ ಮುಂತಾದ ತಳಿಗಳು ಆರು ಅಂಗುಲ ಅಥವಾ ಅದಕ್ಕೂ ಹೆಚ್ಚು ಬೆಳೆಯುತ್ತವೆ. ಮೊದಲ ಮೀನಿಗೆ ಸುಮಾರು 75 ಲೀಟರ್, ಅನಂತರದ ಪ್ರತಿಯೊಂದಕ್ಕೂ ಸುಮಾರು 40 ಲೀಟರ್ ನೀರು ಎಂಬುದು ಹವ್ಯಾಸಿಗಳು ಪಾಲಿಸುವ ಲೆಕ್ಕ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ. ಮೂರು ಮೀನುಗಳಿಗೆ ಅದು ಸಾಕು. ಒಂಟಿ ಬಾಲದ ಕಾಮೆಟ್ ಜಾತಿಯವು ಒಂದು ಅಡಿಯವರೆಗೂ ಬೆಳೆಯಬಲ್ಲವಾದ್ದರಿಂದ ಅವುಗಳಿಗೆ ಕೊಳವೇ ಲೇಸು. ಇವೆರಡನ್ನೂ ಒಟ್ಟಿಗೆ ಬಿಡಬಾರದು. ಚುರುಕಾದ ಕಾಮೆಟ್ ಎಲ್ಲ ಆಹಾರವನ್ನೂ ಕಬಳಿಸಿ, ನಿಧಾನಗತಿಯ ಒರಾಂಡಕ್ಕೆ ಉಪವಾಸ ತಪ್ಪದು.

ಉದ್ದನೆಯ ತೊಟ್ಟಿ ಎತ್ತರದ ತೊಟ್ಟಿಗಿಂತ ಮೇಲು. ಗಾಳಿಯಲ್ಲಿರುವ ಆಮ್ಲಜನಕ ನೀರನ್ನು ಸೇರುವುದು ಮೇಲ್ಮೈಯ ಮೂಲಕ. ಬಾಯಿ ಕಿರಿದಾದ ದುಂಡು ಬೋಗುಣಿಯ ದೊಡ್ಡ ದೋಷವೂ ಅದೇ. ಗೋಲ್ಡ್ ಫಿಶ್ ತಳಿಗಳ ತವರಾದ ಚೀನಾದಲ್ಲಿ ಹಿಂದಿನವರು ಇವನ್ನು ಕೊಳಗಳಲ್ಲಿ, ಅಗಲ ಬಾಯಿಯ ಪಿಂಗಾಣಿ ಹಂಡೆಗಳಲ್ಲಿ ಸಾಕಿ ಮೇಲಿನಿಂದ ನೋಡಿ ಆನಂದಿಸುತ್ತಿದ್ದರು.

ತುಂಬಿದ ತೊಟ್ಟಿಯ ತೂಕ 200 ಕಿಲೋ ದಾಟುತ್ತದೆ. ಟೀವಿ ಸ್ಟ್ಯಾಂಡಿನ ಮೇಲೆ ಅದನ್ನು ಇರಿಸುವುದು ಅಪಾಯಕಾರಿ. ಗಟ್ಟಿಯಾದ, ಸಮತಟ್ಟಾದ ಸ್ಟ್ಯಾಂಡ್ ಮಾಡಿಸಿ, ಗೋಡೆಯ ಪಕ್ಕದಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಬಿಸಿಲು ಬಿದ್ದರೆ ಪಾಚಿ ಬೆಳೆಯುತ್ತದೆ, ನೀರು ಕಾಯುತ್ತದೆ.

ನೀರು ಮತ್ತು ಹವೆ

ನಗರಗಳ ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಲಾಗುತ್ತದೆ. ನಮಗೆ ಅದು ರಕ್ಷೆ. ಮೀನಿಗೂ ಮೇಲೆ ಹೇಳಿದ ಬ್ಯಾಕ್ಟೀರಿಯಾಗಳಿಗೂ ಅದು ಮಾರಕ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರಾವಣವನ್ನು ಸೂಚಿಸಿದ ಪ್ರಮಾಣದಲ್ಲಿ ಹಾಕಿ ಬಳಸಬೇಕು. ಕೊಳವೆಬಾವಿಯ ಗಡಸು ನೀರು ಗೋಲ್ಡ್ ಫಿಶ್‌ಗೆ ಒಗ್ಗುತ್ತದೆ. ಆದರೆ ಕ್ಷಾರಗುಣ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು ಎಂಬುದನ್ನು ಮರೆಯಬಾರದು. ಆರ್‌ಒ ಯಂತ್ರದ ನೀರನ್ನಷ್ಟೇ ತುಂಬಿಸುವುದು ತಪ್ಪು. ಮೀನಿಗೆ ಬೇಕಾದ ಲವಣಗಳನ್ನು ಆ ಯಂತ್ರ ತೆಗೆದುಬಿಟ್ಟಿರುತ್ತದೆ.

ಇದು ತಂಪು ನೀರಿನ ಮೀನು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆದ್ದರಿಂದ ಬೆಂಗಳೂರು, ಮೈಸೂರುಗಳಲ್ಲಿ ಹೀಟರ್ ಅಗತ್ಯವಿಲ್ಲ. ಕಲಬುರಗಿ, ರಾಯಚೂರು, ಮಂಗಳೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಅಲ್ಲಿ ಮೀನುಗಳ ಸಂಖ್ಯೆ ಕಡಿಮೆ ಇರಲಿ, ಏರ್ ಪಂಪ್ ಹಗಲಿರುಳೂ ನಡೆಯಲಿ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಬ್ಯಾಟರಿ ಚಾಲಿತ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಜಾಣತನ.

ತೊಟ್ಟಿಯ ಒಳಗೆ

ತಳಕ್ಕೆ ತೆಳುವಾಗಿ ಮರಳು ಸಾಕು. ಗೋಲ್ಡ್ ಫಿಶ್ ಸದಾ ತಳವನ್ನು ಕೆದಕುವುದರಿಂದ ಬಟಾಣಿ ಗಾತ್ರದ ಕಲ್ಲುಗಳು ಬಾಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಚೂಪು ಅಂಚಿನ ಅಲಂಕಾರ ವಸ್ತುಗಳು ಬೇಡ. ಕೋಮಲ ಗಿಡಗಳನ್ನು ಅದು ತಿಂದು ಮುಗಿಸುತ್ತದೆ. ಜಾವಾ ಫರ್ನ್, ಅನೂಬಿಯಸ್‌ನಂತಹ ಗಟ್ಟಿ ಎಲೆಯ ಗಿಡಗಳು ಉಳಿಯುತ್ತವೆ. ಕಸ ಹೆಚ್ಚು ಮಾಡುವ ಮೀನಾದ್ದರಿಂದ ಫಿಲ್ಟರ್ ತೊಟ್ಟಿಯ ಅಳತೆಗಿಂತ ಒಂದು ಕೈ ಮೇಲೇ ಇರಲಿ.

ಎಲ್ಲವೂ ಸಿದ್ಧವಾದ ಮೇಲೆ ಮೀನು ತರುವ ಆತುರ ಬೇಡ. ಫಿಲ್ಟರ್ ಓಡಿಸುತ್ತ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಉಂಟಾಗಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪರಿಚಿತರ ಮನೆಯ ಆರೋಗ್ಯಕರ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡಾಗ ಅರ್ಧದಷ್ಟು ನೀರು ಬದಲಿಸಿ, ಮೊದಲ ಮೀನನ್ನು ತರಬಹುದು. ಚೀಲವನ್ನು ತೊಟ್ಟಿಯ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಅನಂತರ ಮೀನನ್ನು ಮಾತ್ರ ಮೆಲ್ಲನೆ ಒಳಬಿಡಬೇಕು.

ನಿತ್ಯದ ಶಿಸ್ತು

ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹೀಗಾಗಿ ಎಷ್ಟು ತಿಂದರೂ ಮತ್ತೆ ಕೇಳುತ್ತದೆ. ಎರಡು ನಿಮಿಷದಲ್ಲಿ ಮುಗಿಯುವಷ್ಟನ್ನು ದಿನಕ್ಕೆ ಎರಡು ಸಲ ಕೊಟ್ಟರೆ ಸಾಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಸೋಪು ಹಾಕಿ ತೊಳೆಯುವುದು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡುವುದು ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕೊಂದಂತೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಜಾಲಿಸಬೇಕು. ಸಾಕಲಾಗದೆ ಹೋದರೆ ಮೀನನ್ನು ಕೆರೆಗೆ ಬಿಡಬಾರದು. ಹೊರಗಿನ ಮೀನು ಮತ್ತು ಅದರ ರೋಗಗಳು ಅಲ್ಲಿನ ಜಲಚರಗಳಿಗೆ ಕಂಟಕವಾಗಬಲ್ಲವು.

ಮೀನಿಗೆ ಈಜು ಕಲಿಸಬೇಕಾಗಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದು ಈಜುವ ನೀರನ್ನು ಸಿದ್ಧಗೊಳಿಸುವ ಹೊಣೆ ಸಾಕುವವರದು. ಈ ಬಾರಿ ಮಗುವಿನ ಹುಟ್ಟುಹಬ್ಬಕ್ಕೆ ಖಾಲಿ ತೊಟ್ಟಿಯನ್ನೇ ತನ್ನಿ. ಆರು ವಾರ ಮಗುವಿನ ಕೈಯಿಂದಲೇ ನೀರು ಪರೀಕ್ಷೆ ಮಾಡಿಸಿ. ಕಾದು ತಂದ ಮೀನು ಆ ಮಗು ಕಾಲೇಜು ಸೇರುವ ದಿನವೂ ಅದೇ ನೀರಿನಲ್ಲಿ ಈಜುತ್ತಿರಬಹುದು.