ಗಾಲಿ ಬದಲಾದರೂ ತೇರು ಅದೇ

ಒಂದು ಹಳೆಯ ಕಾರಿಗೆ ಒಂದು ಕೋಟಿ ಪೌಂಡ್. ರೂಪಾಯಿ ಅಲ್ಲ, ಪೌಂಡ್! 1990ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೊಂದು ವ್ಯಾಪಾರ ಕುದುರಿತು. ಆಮೇಲೆ ಕೊಳ್ಳುವವರು ಹಿಂದೆ ಸರಿದರು. ಮಾರುವವರು ಕೋರ್ಟಿಗೆ ಹೋದರು. ಅಲ್ಲಿ ಚರ್ಚೆಯಾದ ಪ್ರಶ್ನೆಯನ್ನು ನಮ್ಮ ಕಡೆಯ ಜಾತ್ರೆಗಳಲ್ಲಿ ಮಕ್ಕಳೂ ಕೇಳುತ್ತಾರೆ: ಗಾಲಿ ಬದಲಾಯಿತು, ಅಚ್ಚು ಬದಲಾಯಿತು, ಮರವೂ ಬದಲಾಯಿತು. ಹಾಗಾದರೆ ಇದು ಹಳೇ ತೇರೇನಾ?

ಆ ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಮಾದರಿಯ ರೇಸ್ ಕಾರು. ಫ್ರಾನ್ಸಿನ ಲೆ ಮಾನ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಎಡೆಬಿಡದೆ ನಡೆಯುವ ರೇಸನ್ನು ಅದು 1929ರಲ್ಲಿ ಗೆದ್ದಿತು. ಓಡಿಸಿದವರು ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್. ಆ ವರ್ಷ ಮೊದಲ ನಾಲ್ಕೂ ಸ್ಥಾನ ಬೆಂಟ್ಲಿ ಕಾರುಗಳದ್ದೇ. 1930ರಲ್ಲಿ ಅದೇ ಕಾರು ಮತ್ತೆ ಗೆದ್ದಿತು. ಈ ಸಲ ಬರ್ನಾಟೊ ಜೊತೆಗಿದ್ದವರು ಗ್ಲೆನ್ ಕಿಡ್‌ಸ್ಟನ್. ಬರ್ನಾಟೊ ಬರೀ ಚಾಲಕರಲ್ಲ, ಕಂಪನಿಗೆ ದುಡ್ಡು ಹಾಕಿ ಅದರ ಅಧ್ಯಕ್ಷರೂ ಆಗಿದ್ದವರು. ಇಷ್ಟಾದರೂ 1931ರಲ್ಲಿ ಬೆಂಟ್ಲಿ ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು.

ಕಾರಿನ ಓಟ ಮಾತ್ರ ನಿಲ್ಲಲಿಲ್ಲ. 1931ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸನ್ನೂ ಗೆದ್ದಿತು. ಮರುವರ್ಷ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಕೂರಿಸಿ ಅದೇ ರೇಸಿಗೆ ಇಳಿಸಿದರು. ಸಹೋದರರಾದ ಜಾಕ್ ಮತ್ತು ಕ್ಲೈವ್ ಡನ್‌ಫೀ ಸರದಿಯಂತೆ ಓಡಿಸಬೇಕಿತ್ತು. ಕ್ಲೈವ್ ಸರದಿಯಲ್ಲಿ ಕಾರು ಟ್ರ್ಯಾಕಿನ ಇಳಿಜಾರು ಗೋಡೆಯ ಅಂಚು ದಾಟಿ ಆಚೆ ಬಿತ್ತು. ಕ್ಲೈವ್ ಉಳಿಯಲಿಲ್ಲ. ನುಜ್ಜುಗುಜ್ಜಾದ ಕಾರನ್ನು ಮತ್ತೆ ಕಟ್ಟಿ ರಸ್ತೆ ಕಾರನ್ನಾಗಿ ಮಾಡಿದರು. ಮಾಲೀಕರು ಬದಲಾಗುತ್ತಾ ಹೋದರು. ಕೊನೆಗೆ ಎಡ್ ಹಬ್ಬರ್ಡ್ ಎಂಬುವರ ಕೈಸೇರಿ, ಮತ್ತೆ ರೇಸ್ ಕಾರಿನ ರೂಪ ಪಡೆಯಿತು.

ಕೊಳ್ಳಲು ಒಪ್ಪಿದ್ದ ಮಿಡಲ್‌ಬ್ರಿಡ್ಜ್ ಕಂಪನಿಯ ತಕರಾರು ಇಷ್ಟೇ: ಲೆ ಮಾನ್ ಗೆದ್ದ ಕಾರಿನ ಭಾಗಗಳು ಇದರಲ್ಲಿ ಎಲ್ಲಿವೆ? ನ್ಯಾಯಮೂರ್ತಿ ಆಟನ್ ಕಾರಿನ ಚರಿತ್ರೆಯನ್ನು ರೇಸಿನಿಂದ ರೇಸಿಗೆ, ದುರಸ್ತಿಯಿಂದ ದುರಸ್ತಿಗೆ ನೋಡುತ್ತಾ ಬಂದರು. 1929ರ ಭಾಗಗಳು ತೀರಾ ಕಡಿಮೆ ಎಂಬುದು ನಿಜವೇ ಆಗಿತ್ತು. ಆದರೆ ಕಾರು ಒಂದೇ ದಿನ ಮಾಯವಾಗಿ, ಅದರ ಹೆಸರಲ್ಲಿ ಇನ್ನೊಂದು ಹುಟ್ಟಿದ್ದಲ್ಲ. ಒಂದೊಂದೇ ಭಾಗ ಬದಲಾಗುತ್ತಾ, ಕೊಂಡಿ ತಪ್ಪದೆ ಬಂದದ್ದು. ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರೂ ಇರಲಿಲ್ಲ. ಹಾಗಾಗಿ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಾಯಿತು. ಹಬ್ಬರ್ಡ್ ಗೆದ್ದರು.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದಿದೆ, ಅದರ ಒಂದು ಎಳೆ ನಮ್ಮ ಪಕ್ಕದ ಕುಣಿಗಲ್ಲಿಗೂ ತಾಗುತ್ತದೆ. ಕುಣಿಗಲ್ ಕುದುರೆ ಫಾರಂ ಗೊತ್ತಲ್ಲ? ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ರೇಸ್ ಕುದುರೆಗೆ ಕಾಲು ಎಷ್ಟು ಮುಖ್ಯವೋ, ಅಪ್ಪ ಅಮ್ಮ ಯಾರೆಂದು ಸ್ಟಡ್ ಬುಕ್ಕಿನಲ್ಲಿ ದಾಖಲಾಗುವುದೂ ಅಷ್ಟೇ ಮುಖ್ಯ. ಈ ಫಾರಂ ಅನ್ನು 1992ರಲ್ಲಿ ಗುತ್ತಿಗೆಗೆ ಪಡೆದದ್ದು ವಿಜಯ್ ಮಲ್ಯ ಅವರ ಕಂಪನಿ. ಮುಂದೆ ಅವರು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿದ್ದ ಫಾರ್ಮುಲಾ ಒನ್ ತಂಡವನ್ನೂ ಕೊಂಡರು. 2008ರಿಂದ ಅದು ‘ಫೋರ್ಸ್ ಇಂಡಿಯಾ’ ಆಯಿತು. 2018ರಲ್ಲಿ ತಂಡ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿ ಕೈ ಬದಲಾದಾಗ ಕಾರುಗಳು ಅವೇ, ಚಾಲಕರು ಅವರೇ, ಕಾರ್ಖಾನೆಯೂ ಅದೇ. ಆದರೆ ಕಾಗದದಲ್ಲಿ ಅದು ಹೊಸ ತಂಡ. ಹಾಗಾಗಿ ಆ ವರ್ಷ ತಂಡದ ಲೆಕ್ಕದಲ್ಲಿ ಗಳಿಸಿದ್ದ 59 ಅಂಕಗಳೂ ಹೋಗಿ, ಸೊನ್ನೆಯಿಂದ ಶುರು ಮಾಡಬೇಕಾಯಿತು. ಬೆಂಟ್ಲಿಯಲ್ಲಿ ಭಾಗಗಳು ಹೋದರೂ ಚರಿತ್ರೆ ಉಳಿಯಿತು. ಇಲ್ಲಿ ಎಲ್ಲಾ ಇದ್ದೂ ಕೊಂಡಿ ಕಡಿಯಿತು.

ಇದನ್ನೆಲ್ಲ ನಾನು ಹುಡುಕಿ ಓದಲು ನಮ್ಮದೇ ಮನೆಯ ಕಾರಣವಿತ್ತು. ನಾನು ನಿಟ್ಟೂರಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಕೆಲಸಕ್ಕೆ ಅರ್ಜಿ ಹಾಕುತ್ತಾ, ಬಿ.ಎಚ್. ರಸ್ತೆಯ ಗ್ಯಾರೇಜೊಂದರಲ್ಲಿ ದಿನಗೂಲಿ ಮಾಡುತ್ತಿದ್ದೇನೆ. ತೋಟದ ಮನೆಯ ಶೆಡ್ಡಿನಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ತಾತನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿದೆ. 1967ರದ್ದು. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಮಾದರಿಯನ್ನು ಮದ್ರಾಸಿನಲ್ಲಿ ತಯಾರಿಸಿ ಮಾರುತ್ತಿದ್ದ ಕಾರು ಇದು. ಅದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್ ಕಂಪನಿ ‘ಸ್ಪಿಟ್‌ಫೈರ್’ ಎಂಬ ಸ್ಪೋರ್ಟ್ಸ್ ಕಾರು ಮಾಡಿತು. ಅದು 1965ರ ಲೆ ಮಾನ್‌ನಲ್ಲಿ ತನ್ನ ವರ್ಗದಲ್ಲಿ ಗೆದ್ದಿತ್ತು. ಅಂದರೆ ನಮ್ಮ ಶೆಡ್ಡಿನ ಕಾರು ಲೆ ಮಾನ್ ಕಾರಿನ ದಾಯಾದಿ!

ಅಪ್ಪನಿಗೆ ಈ ನೆಂಟಸ್ತನ ಬೇಕಿರಲಿಲ್ಲ. ಕೊಳವೆ ಬಾವಿಯ ಮೋಟರು ಸುಟ್ಟಿತ್ತು. ‘ನಿಂಗೆ ಕೆಲ್ಸ ಸಿಗೋವರ್ಗೂ ಈ ತಗಡು ಕಾಯ್ಕೊಂಡು ಕೂತಿರ್ತೀಯೇನೋ?’ ಎಂದು ಗುಜರಿಯವನನ್ನು ಕರೆಸಿದ್ದರು. ಅವನು ಕೆ.ಜಿ. ಲೆಕ್ಕ ಹೇಳಿದ. ಆಮೇಲೆ ಬಂದ ದಲ್ಲಾಳಿಯೊಬ್ಬ ಅದರ ಮೂರರಷ್ಟು ಕೊಡುತ್ತೇನೆಂದ. ಒಂದೇ ಷರತ್ತು, ಯಾವುದಾದರೂ ಓಡುವ ಎಂಜಿನ್ ಕೂರಿಸಿಕೊಡಬೇಕು.

ಆ ವಾರ ನಾನು ಸಾರಿಗೆ ನಿಯಮ ತೆಗೆದು ಓದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿದೆ. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು ₹20,000 ಶುಲ್ಕ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಈಗಾಗಲೇ ನೋಂದಣಿ ಇದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ಇಂಗ್ಲೆಂಡಿನ ನ್ಯಾಯಾಧೀಶರು ಚರಿತ್ರೆ ಕೇಳಿದರು, ನಮ್ಮ ನಿಯಮ ಭಾಗಗಳನ್ನೂ ಕೇಳುತ್ತದೆ. ದಲ್ಲಾಳಿ ಹೇಳಿದಂತೆ ಬೇರೆ ಎಂಜಿನ್ ಕೂರಿಸಿದರೆ ನಮ್ಮ ಹೆರಾಲ್ಡ್ ಆ ಅರ್ಹತೆಯನ್ನೇ ಕಳೆದುಕೊಳ್ಳಬಹುದಿತ್ತು.

ಅಜ್ಜಿಯ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಸಿಕ್ಕಿತು. ‘ಎಂವೈ’ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ನಂಬರು. ಮೊದಲ ಮಾಲೀಕರು ಬೆಂಗಳೂರಿನವರು, ಎರಡನೆಯವರು ತುಮಕೂರಿನ ವೈದ್ಯರು, ಮೂರನೆಯವರು ತಾತ, 1979ರಲ್ಲಿ. ಜೊತೆಗೆ ಒಂದು ನೋಟ್ ಪುಸ್ತಕ. ಕ್ಲಚ್ ಪ್ಲೇಟು, ಎಂಜಿನ್ ಬೋರು, ಸೀಟಿನ ರೆಕ್ಸಿನ್, ಹೀಗೆ ಒಂದೊಂದು ಕೆಲಸಕ್ಕೂ ತಾರೀಖು ಮತ್ತು ಖರ್ಚು ಬರೆದಿದ್ದರು. ಮುಂದಕ್ಕೆ ಮಗುಚುವ ಬಾನೆಟ್ಟನ್ನು ಎತ್ತಿ, ಮಸಿ ಒರೆಸಿ, ಎಂಜಿನ್ ನಂಬರು ನೋಡಿದೆ. ಆರ್‌ಸಿಗೆ ಸರಿಯಾಗಿ ಹೊಂದಿತು. ಅಪ್ಪ ಕನ್ನಡಕ ಹಾಕಿಕೊಂಡು ತಾವೂ ಒಂದು ಸಲ ಅಂಕಿ ಅಂಕಿ ಓದಿ ನೋಡಿದರು. ದಲ್ಲಾಳಿಗೆ ಫೋನ್ ಮಾಡಿ ಬೇಡ ಎಂದರು. ಮೋಟರಿಗೆ ಸೊಸೈಟಿಯಲ್ಲಿ ಸಾಲ ತೆಗೆದರು. ನನಗೆ ಮಾತ್ರ ಗಡುವು ಹಾಕಿದರು: ಮುಂದಿನ ಕೊಬ್ಬರಿ ಮಾರುವ ಹೊತ್ತಿಗೆ ಎಂಜಿನ್ ಚಾಲೂ ಆಗಬೇಕು, ಇಲ್ಲದಿದ್ದರೆ ಗುಜರಿ.

ಗೆಳೆಯರೇ, ಇದು ಬರೀ ಹಳೆ ಕಾರಿನ ಹುಚ್ಚಲ್ಲ. ಯಂತ್ರ ಬಿಚ್ಚಿ ಕಟ್ಟುವುದನ್ನು ಹಲವರು ಕಲಿತಿದ್ದೇವೆ. ಮಾಡಿದ್ದನ್ನು ಬರೆದಿಡುವುದನ್ನು ಕಲಿತವರು ಕಡಿಮೆ. ನಮ್ಮದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ಕೆಲಸ ಸಿಗಲಿ ಎಂದು ನಮ್ಮ ಸುತ್ತಲಿನ ಎಷ್ಟೋ ಹುಡುಗ ಹುಡುಗಿಯರು ಕಾಯುತ್ತಿದ್ದಾರೆ. ವಿಮಾನ, ಹೆಲಿಕಾಪ್ಟರ್‌ಗಳ ಕೆಲಸದಲ್ಲಿ ದಾಖಲೆ ಇಲ್ಲದ ಭಾಗ ಎಷ್ಟೇ ಹೊಳೆಯುತ್ತಿದ್ದರೂ ಅದನ್ನು ಜೋಡಿಸುವಂತಿಲ್ಲ. ಎಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು, ಎಷ್ಟು ಗಂಟೆ ಹಾರಿತು ಎಂಬುದು ಲಾಗ್ ಪುಸ್ತಕದಲ್ಲಿ ಇರಲೇಬೇಕು. ತಾತ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಆ ಶಿಸ್ತು ಅವರಿಗಿತ್ತು.

ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೋ ಹೋಗಿ ಬನ್ನಿ. ಮನೆಯಲ್ಲಿ ಹಳೆಯ ಸ್ಕೂಟರೋ ಜೀಪೋ ಇದ್ದರೆ, ಗುಜರಿಗೆ ಹಾಕುವ ಮೊದಲು ಅಜ್ಜಿಯ ಟ್ರಂಕನ್ನೊಮ್ಮೆ ತೆರೆಯಿರಿ.

ನಮ್ಮ ಹೆರಾಲ್ಡ್ ಇನ್ನೂ ಶೆಡ್ಡಿನಲ್ಲೇ ಇದೆ. ಕಾರ್ಬ್ಯುರೇಟರ್ ಬಿಚ್ಚಿದ್ದೇನೆ, ರೇಡಿಯೇಟರ್ ಬೆಸುಗೆಗೆ ಹೋಗಿದೆ. ಗಡುವಿಗೆ ಎರಡು ತಿಂಗಳಿದೆ. ಮೊನ್ನೆ ಸಂಜೆ ತಾತನ ನೋಟ್ ಪುಸ್ತಕ ತೆರೆದರೆ, ಮೂವತ್ತು ವರ್ಷದಿಂದ ಖಾಲಿ ಇದ್ದ ಪುಟದಲ್ಲಿ ಹೊಸದೊಂದು ಸಾಲಿತ್ತು. ‘ರೇಡಿಯೇಟರ್ ರಿಪೇರಿಗೆ ಅಡ್ವಾನ್ಸ್ ₹500.’ ಅಕ್ಷರ ಅಪ್ಪನದು.