ಕಾಡಿನಲ್ಲಿ ಪುಕ್ಕಟೆ ಊಟ, ಆದರೆ ನೀರು ಕಾಯಿಸಿ!

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ, ಊರಿಂದ ದೂರ, ಜುಲೈ ಮೊದಲ ವಾರ ಸೇರುವ ಒಂದು ಜಾತ್ರೆಯಿದೆ. ಹೆಸರು ರೇನ್‌ಬೋ ಗ್ಯಾದರಿಂಗ್. 1972ರಲ್ಲಿ ಕೊಲರಾಡೋದಲ್ಲಿ ಶುರುವಾದದ್ದು. ಟಿಕೆಟ್ ಇಲ್ಲ, ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ (ನಮ್ಮ ಸಮಿತಿಯವರಿಗೆ ಹೊಟ್ಟೆಕಿಚ್ಚಾದೀತು!). ಬಂದವರಿಗೆಲ್ಲ ಪುಕ್ಕಟೆ ಊಟ. ಊಟದ ಹೊತ್ತಿಗೆ ಒಂದು ಟೋಪಿ ಸುತ್ತು ಬರುತ್ತದೆ, ಕೈಲಾದಷ್ಟು ಹಾಕಿದರಾಯಿತು. ಜುಲೈ 4ರಂದು ಮಧ್ಯಾಹ್ನದವರೆಗೆ ಶಾಂತಿಗಾಗಿ ಮೌನ.

ಇದೆಲ್ಲ ತಾನಾಗಿ ಆಗುವುದಲ್ಲ. ಕೆಲವರು ವಾರಗಟ್ಟಲೆ ಮುಂಚೆಯೇ ಹೋಗಿ ನೀರಿನ ಒರತೆ ಹುಡುಕಿ, ಪೈಪು ಎಳೆದು, ಕಕ್ಕಸಿನ ಗುಂಡಿ ತೋಡುತ್ತಾರೆ. ಈ ಏರ್ಪಾಡು ಸಾಲದಿದ್ದರೆ ಏನಾಗುತ್ತದೆಂದು 1987ರಲ್ಲಿ ನಾರ್ತ್ ಕೆರೋಲಿನಾದಲ್ಲಿ ಗೊತ್ತಾಯಿತು. ಶಿಗೆಲ್ಲಾ ಎಂಬ ಭೇದಿ ರೋಗ ಹರಡಿ ಸಾವಿರಾರು ಜನ ನರಳಿದರು. ಮನೆಗೆ ಮರಳಿದವರು ಅದನ್ನು ಬೇರೆ ರಾಜ್ಯಗಳಿಗೂ ಒಯ್ದರು.

ನಾವೂ ಬೇಸಿಗೆಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕ್ಯಾಂಪಿಂಗ್ ಹೊರಡುವವರೇ. ಇಪ್ಪತ್ತು ಸಂಸಾರ, ಊರಿಂದ ಬಂದ ಅಜ್ಜ ಅಜ್ಜಿಯರು ಸೇರಿದರೆ ಎಪ್ಪತ್ತೈದಾಗುವುದು ಕಷ್ಟವಲ್ಲ. ರಾಷ್ಟ್ರೀಯ ಅರಣ್ಯದಲ್ಲಿ 75 ಜನರಾದರೆ ಪರ್ಮಿಟ್ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಕನಿಷ್ಠ 72 ಗಂಟೆ ಮೊದಲು ಅರ್ಜಿ ಕೊಡಬೇಕು. ಹೊಳೆ ನೀರು ಎಷ್ಟು ತಿಳಿಯಾಗಿ ಕಂಡರೂ ಒಂದು ನಿಮಿಷ ಕೊತಕೊತ ಕುದಿಯಲಿ. 6,500 ಅಡಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕಕ್ಕಸಿನ ಗುಂಡಿ ನೀರಿನಿಂದ 200 ಅಡಿ ದೂರವಿರಲಿ. ಬಡಿಸುವವರು ಮೊದಲು ಸೋಪು ಹಚ್ಚಿ ಕೈ ತೊಳೆಯಲಿ.

ಪುಳಿಯೋಗರೆ ಗೊಜ್ಜು ಯಾರು ತರುತ್ತೀರೆಂದು ಕೇಳಿದರೆ ಹತ್ತು ಕೈ ಮೇಲೇಳುತ್ತವೆ. ಗುದ್ದಲಿ ಯಾರು ತರುತ್ತೀರಿ?